ಎರಡನೇ ದಿನದ ಚೀಲ

ಬೆಟ್ಟಗಳಿಗೆ ಇನ್ನೂ ಬಾಯಿ ಬಂದಿರದ ಕಾಲ ಅದು. ಆಗ ಒಂದು ಬೆಟ್ಟವಿತ್ತಂತೆ, ಅದರ ಬುಡದಲ್ಲಿ ಒಂದು ಹೊಳೆಯಿತ್ತಂತೆ. ಬೆಟ್ಟಕ್ಕೆ ಮಾತಾಡುವ ಆಸೆ, ಹೊಳೆಗೆ ಆಚೆ ದಾಟುವ ಆಸೆ. ನೀನು ದಾರಿ ಬಿಡು, ನಾನು ಬಾಯಿ ಕೊರೆದುಕೊಡ್ತೀನಿ ಅಂತು ಹೊಳೆ. ಆಗಲಿ ಅಂತು ಬೆಟ್ಟ. ಹೊಳೆ ಕೊರೆಯಿತು, ಕೊರೆಯಿತು, ಮೊಮ್ಮಕ್ಕಳ ಮೊಮ್ಮಕ್ಕಳು ಮುದುಕರಾಗುವ ತನಕ ಕೊರೆಯಿತು. ಬಾಯೇನೋ ಆಯಿತು. ಆದರೆ ಆಚೆ ದಾಟಿದ ಸಂಭ್ರಮದಲ್ಲಿ ಹೊಳೆ ನಾಲಿಗೆ ಕೊಡುವುದನ್ನೇ ಮರೆತುಬಿಟ್ಟಿತಂತೆ. ಅಂದಿನಿಂದ ಆ ಬೆಟ್ಟಕ್ಕೆ ತನ್ನದು ಅಂತ ಒಂದು ಮಾತಿಲ್ಲ. ಕೂಗಿದವರಿಗೆ ಅವರ ಕೂಗನ್ನೇ ತಿರುಗಿಸಿ ಕೊಡುತ್ತದೆ. ಒಳಗೆ ಬಂದವರನ್ನು ಮಾತ್ರ ತಿರುಗಿಸಿ ಕೊಡುವುದಿಲ್ಲ.

ಆ ಬಾಯೊಳಗೆ, ನಡಿಗೆಯ ಎರಡನೇ ದಿನ ಬೆಳಗ್ಗೆ ಒಂಬತ್ತಕ್ಕೆ, ಮೂವರು ನಿಂತಿದ್ದರು.

ದಾರಿ ಅಲ್ಲಿ ಕವಲೊಡೆಯುತ್ತಿತ್ತು. ಮುಂದಿದ್ದ ಗೈಡ್ ಸಿಳ್ಳೆ ಹಾಕುತ್ತ ಎಡಕ್ಕೆ ಕಾಲಿಟ್ಟ. ಅವನನ್ನು ಎಲ್ಲರೂ ಮೇಕೆ ಅಂತಲೇ ಕರೆಯುವುದು. ಮೇಕೆಗಳೂ ಎರಡು ಸಲ ಯೋಚನೆ ಮಾಡುವ ಕಡೆ ಅವನು ಕೈ ಜೇಬಿಗೆ ಹಾಕಿಕೊಂಡು ನಡೆಯುತ್ತಾನೆ ಎಂದು.

ಹಿಂದಿದ್ದ ನಕ್ಷೆಯಕ್ಕ ಕದಲಲಿಲ್ಲ.

"ಬಲಕ್ಕೆ," ಅಂದಳು.

"ಬಲಕ್ಕೆ ದಾರಿ ಇಲ್ಲ ಮೇಡಂ."

"ಇದೆ. ಹುಲ್ಲು ತುಳಿದಿರೋದು ಕಾಣ್ತಿದೆ. ಡ್ರಾಯಿಂಗ್ ಮೇಷ್ಟ್ರನ್ನ ನೀನು ಕರ್ಕೊಂಡು ಹೋಗಿದ್ದು ಈ ಕಡೆಗೇ ಅಲ್ವಾ?"

ಸಿಳ್ಳೆ ನಿಂತಿತು. ಹೊಳೆಯ ಸದ್ದು ಅಲ್ಲಿಯವರೆಗೂ ಇತ್ತೋ ಇಲ್ಲವೋ, ಈಗ ಕಿವಿ ತುಂಬಿತು.

ಕಳೆದ ವರ್ಷ ಇದೇ ದಿನಗಳಲ್ಲಿ ಡ್ರಾಯಿಂಗ್ ಮೇಷ್ಟ್ರು ಇದೇ ಮೇಕೆಯ ಜೊತೆ ನಾಲ್ಕು ದಿನದ ನಡಿಗೆಗೆಂದು ಈ ಕಮರಿಗೆ ಇಳಿದಿದ್ದ. ಮೇಕೆಯೊಬ್ಬನೇ ಆಚೆ ಬಂದಿದ್ದ. ಮೂರನೇ ದಿನ ಹಗ್ಗದ ಸೇತುವೆಯಿಂದ ಜಾರಿದ, ಹೊಳೆ ಹೊತ್ತುಕೊಂಡು ಹೋಯಿತು ಎಂದು ಅವನ ಹೇಳಿಕೆ. ಪೊಲೀಸರು ಸೇತುವೆಯ ಕೆಳಗೆ ಹತ್ತು ದಿನ ಹುಡುಕಿ, ಏನೂ ಸಿಗದೆ ಫೈಲು ಕಟ್ಟಿಟ್ಟರು. ಕಟ್ಟಿಡದವನು ಒಬ್ಬನೇ, ಮೇಷ್ಟ್ರ ಅಣ್ಣ, ದರ್ಜಿ.

ದರ್ಜಿಯ ಅಂಗಡಿಗೆ ಇರುವುದು ಒಂದೇ ಕಿಟಕಿ. ಕಿಟಕಿಯ ಬೆಳಕು ಬೀಳುವಲ್ಲಿ ಹೊಲಿಗೆ ಯಂತ್ರ, ಬೀಳದ ಕಡೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಹುಟ್ಟಿದಾಗಿನಿಂದ ಅವನ ಎಡಗಾಲು ಮೋಟು. ಬೆಟ್ಟ ಅವನ ಪಾಲಿಗೆ ತಮ್ಮ ಹೇಳಿದ ಕಥೆ ಅಷ್ಟೆ. ನಕ್ಷೆಯಕ್ಕ ಅಲ್ಲಿಗೆ ಮೊದಲ ಸಲ ಹೋದಾಗ ಆ ಮೇಜಿನ ಮೇಲೆ ಬಟ್ಟೆಯಿರಲಿಲ್ಲ, ಹಾಳೆಯೊಂದಿತ್ತು. ತಮ್ಮ ತನ್ನ ಕೈಯಾರೆ ಬರೆದ ನಡಿಗೆಯ ನಕ್ಷೆ. ಯಾವ ದಿನ ಎಷ್ಟು ದೂರ, ನೀರು ಎಲ್ಲಿ, ಕೂರುವುದು ಎಲ್ಲಿ, ಮಲಗುವುದು ಎಲ್ಲಿ. ಪ್ರತಿ ದಿನದ ಪಕ್ಕದಲ್ಲೂ ಒಂದು ಗಂಟೆ ಬರೆದು ಸುತ್ತು ಹಾಕಿದ್ದ: ಇಷ್ಟು ಹೊತ್ತಿಗೆ ತಲುಪದಿದ್ದರೆ ವಾಪಸ್.

ಹತ್ತೊಂಬತ್ತು ವರ್ಷ ಸರ್ವೆ ಕಚೇರಿಯಲ್ಲಿ ಗೆರೆ ಎಳೆದು, ಆಮೇಲೆ ಪತ್ತೇದಾರಿಕೆಗೆ ಇಳಿದವಳು ಅವಳು. ಜನರ ಮುಖಕ್ಕಿಂತ ಹಾಳೆ ಬೇಗ ಅರ್ಥವಾಗುತ್ತಿತ್ತು. ಈ ಹಾಳೆ ಬರೆದವನು ಹೆಜ್ಜೆ ತಪ್ಪಬಹುದು, ಲೆಕ್ಕ ತಪ್ಪುವವನಲ್ಲ ಅನ್ನಿಸಿತು.

ಊಟದ ಚೀಲಗಳ ವಿಷಯವನ್ನು ದರ್ಜಿ ಆಗಲೇ ಹೇಳಿದ್ದು. ನಾಲ್ಕು ದಿನಕ್ಕೆ ನಾಲ್ಕು ಚೀಲ ಅವನೇ ಹೊಲಿದಿದ್ದ. ಬ್ರೆಡ್ಡು, ಬೀಜ, ಒಣಹಣ್ಣು ತುಂಬಿ, ತೂಕ ಮಾಡಿ, ಬಾಯಿಗೆ ಕಚ್ಚಾ ಹೊಲಿಗೆ ಹಾಕಿದ್ದ: ಮೊದಲ ದಿನಕ್ಕೆ ಬಿಳಿ ದಾರ, ಎರಡಕ್ಕೆ ಕೆಂಪು, ಮೂರಕ್ಕೆ ಹಸಿರು, ನಾಲ್ಕಕ್ಕೆ ಕಪ್ಪು. ಇರುವೆ ಹೋಗದಿರಲಿ ಅಂತ ಒಂದು ಕಾರಣ. ಇನ್ನೊಂದು, ತಮ್ಮನ ಹೊಟ್ಟೆ ಅಣ್ಣನಿಗೆ ಗೊತ್ತಿಲ್ಲವೇ. ಹೊಲಿಗೆ ಇರದಿದ್ದರೆ ಎರಡು ದಿನದ್ದನ್ನು ಒಂದೇ ದಿನ ಮುಗಿಸಿಬಿಡುವವನು. ಹೊರಡುವ ಹಿಂದಿನ ದಿನ ತಮ್ಮ ಇನ್ನೊಂದು ಕೆಲಸ ಹಚ್ಚಿದ್ದ. ಬೆನ್ನುಚೀಲದ ಪಕ್ಕಕ್ಕೆ ಒಂದು ಕಳ್ಳಜೇಬು, ಒಳಗಿನಿಂದ ಗುಂಡಿ. ಮಾರನೇ ದಿನದ ಊಟವನ್ನು ಹಿಂದಿನ ಸಂಜೆಯೇ ಅದರೊಳಗೆ ಇಟ್ಟುಕೊಂಡರೆ ದಾರಿಯಲ್ಲಿ ಇಡೀ ಚೀಲ ಕೆದಕುವುದು ತಪ್ಪುತ್ತದೆ ಎಂದು.

ಮೇಕೆ ಒಪ್ಪಿಸಿದ ಬೆನ್ನುಚೀಲವನ್ನು ಪೊಲೀಸರು ತಂದುಕೊಟ್ಟಾಗ ಕಳ್ಳಜೇಬಿನಲ್ಲಿ ಒಂದೇ ಒಂದು ಚೀಲ ಉಳಿದಿತ್ತು. ಮೂರನೇ ದಿನ ಹೋದ, ನಾಲ್ಕನೇ ದಿನದ್ದು ಉಳಿಯಿತು, ಸರಿಯಾಯಿತಲ್ಲ ಅಂದಿದ್ದರು. ಬಾಯಿಯ ದಾರ ಕೆಂಪಗಿತ್ತು. ಅದನ್ನು ಅವನು ಎತ್ತಿ ತೋರಿಸಿದ್ದಕ್ಕೆ, ದಾರದ ಬಣ್ಣ ನೋಡಿಕೊಂಡು ಯಾರಾದರೂ ಉಣ್ಣುತ್ತಾರೇನ್ರೀ ಎಂದು ನಕ್ಕು ಕಳಿಸಿದ್ದರು.

ನಕ್ಷೆಯಕ್ಕ ನಗಲಿಲ್ಲ. ವಾಪಸ್ ಬರುವ ಗಂಟೆಗೂ ಸುತ್ತು ಹಾಕುವ ಮನುಷ್ಯ ಎರಡನ್ನು ಬಿಟ್ಟು ಮೂರನ್ನು ಬಿಚ್ಚುವುದಿಲ್ಲ. ಎರಡನೇ ದಿನದ ಊಟದ ಹೊತ್ತು ಅವನಿಗೆ ಬರಲೇ ಇಲ್ಲ. ಹಸಿರನ್ನೂ ಕಪ್ಪನ್ನೂ ಉಂಡವನು ಬೇರೆ ಯಾರೋ, ಕಳ್ಳಜೇಬು ಇರುವುದೇ ಗೊತ್ತಿಲ್ಲದವನು.

ದರ್ಜಿ ಹಾಳೆಯನ್ನು ಅವಳ ಕಡೆ ತಳ್ಳಿದ.

"ಅವನನ್ನ ಹೊತ್ತು ತನ್ನಿ ಅಂತ ನಾನು ಕೇಳಲ್ಲಮ್ಮ. ಅದು ಆಗೋ ಮಾತಲ್ಲ. ಇದರ ಮೇಲೆ ಒಂದು ಚುಕ್ಕೆ ಇಡಿ, ಇಲ್ಲಿದಾನೆ ಅಂತ. ಯಾವ ಕಡೆ ಮುಖ ಮಾಡಿ ಕೂತ್ಕೋಬೇಕು ಅಂತ ನನಗೆ ಗೊತ್ತಾದ್ರೆ ಸಾಕು."

ಇಡ್ತೀನಿ ಅಂದಿದ್ದಳು.

ಹೊಳೆ ಇಳಿದು ದಾರಿ ತೆರೆಯುವುದು ವರ್ಷಕ್ಕೆ ಒಂದೇ ತಿಂಗಳು. ಅಲ್ಲಿಯವರೆಗೆ ಕಾಯುತ್ತ, ಹನ್ನೊಂದು ಕೆಜಿ ತುಂಬಿದ ಬೆನ್ನುಚೀಲ ಹೊತ್ತು ದಿನವೂ ತನ್ನ ಬಾಡಿಗೆ ಮನೆಯ ಮೂರು ಮಹಡಿ ಹತ್ತಿ ಇಳಿದಳು. ಕೆಳಮನೆಯಾಕೆ ಬಾಗಿಲಲ್ಲಿ ನಿಂತು, ದಿನಾ ಮನೆ ಬಿಟ್ಟು ಹೋಗ್ತೀರಿ, ದಿನಾ ವಾಪಸ್ ಬರ್ತೀರಿ, ಗಂಡನಿಲ್ಲದವರಿಗೂ ಇದೇ ಕಷ್ಟವಾ ಎಂದು ಕೇಳಿದ್ದಳು. ದರ್ಜಿ ಮತ್ತೆ ನಾಲ್ಕು ಚೀಲ ಹೊಲಿದುಕೊಟ್ಟ. ಮೇಷ್ಟ್ರ ಹಾಳೆಯ ದೂರ, ನೀರು, ನಿಲುಗಡೆ ಎಲ್ಲವನ್ನೂ ತನ್ನ ಹಾಳೆಗೆ ಇಳಿಸಿಕೊಂಡಳು. ಎರಡನೇ ದಿನದ ಪಕ್ಕದಲ್ಲಿ ವಾಪಸ್ ಗಂಟೆ ಮಾತ್ರ ಬರೆಯಲಿಲ್ಲ. ಏನು ಬರೆಯಬೇಕೆಂದು ಹೊಳೆಯಲಿಲ್ಲ.

ತಾನು ಯಾರೆಂದು ಹೇಳದೆ, ಮೇಕೆಯನ್ನೇ ಗೈಡಾಗಿ ಗೊತ್ತು ಮಾಡಿಕೊಂಡಳು.

ಮೊದಲ ದಿನ ಪೂರ್ತಿ ಇಳಿಜಾರು. ಎಂಟು ಗಂಟೆ ಇಳಿದರೂ ಕಮರಿ ಇನ್ನೂ ಇಳಿಯುತ್ತಲೇ ಇತ್ತು. ಗೋಡೆಗಳು ಎರಡೂ ಕಡೆಯಿಂದ ಮೇಲೇಳುತ್ತ ಏಳುತ್ತ, ಕೊನೆಗೆ ಆಕಾಶ ಅನ್ನುವುದು ಅಳತೆಯ ಟೇಪಿನಷ್ಟು ಅಗಲಕ್ಕೆ ಬಂದು ನಿಂತಿತು. ಮಂಡಿ ಎರಡೂ ಬೇರೆಯವರದ್ದು ಅನ್ನಿಸುವ ಹೊತ್ತಿಗೆ ತಂಗುಮನೆ ಸಿಕ್ಕಿತು. ಕಲ್ಲಿನ ಗೋಡೆ, ಒಂದು ಒಲೆ, ಆರು ಹಲಗೆ ಮಂಚ, ಒಲೆಯ ಮೇಲೆ ತಂತಿ ಕಟ್ಟಿ ಒಣಹಾಕಿದ ಕಾಲುಚೀಲಗಳ ಸಾಲು.

ಅದನ್ನು ನೋಡಿಕೊಳ್ಳುವ ಹೆಂಗಸನ್ನು ದಾರಿಯವರೆಲ್ಲ ಕರೆಯುವುದು ದೊಡ್ಡಮ್ಮ ಎಂದು. ಬಂದವರ ಹೆಸರು ಕೇಳುವ ಮೊದಲು ಅವರ ಕಾಲಿಗೆ ಬಿಸಿನೀರು ಇಡುವವಳು. ನಕ್ಷೆಯಕ್ಕನ ಬೊಕ್ಕೆಗಳಿಗೆ ಮುಲಾಮು ಹಚ್ಚುತ್ತ, ಈ ವಯಸ್ಸಲ್ಲಿ ಬೆಟ್ಟ ಹತ್ತಲಿಲ್ಲ ಅಂತ ನಿನ್ನನ್ನ ಯಾರು ಬೈದಿದ್ರೇ ತಾಯಿ ಎಂದು ಗೊಣಗಿದಳು. ಎಷ್ಟೋ ವರ್ಷದಿಂದ ಯಾರೂ ತನ್ನ ಕಾಲು ಮುಟ್ಟಿರಲಿಲ್ಲವೆಂದು ನಕ್ಷೆಯಕ್ಕನಿಗೆ ಆಗ ನೆನಪಾಯಿತು.

ಬೆಳಗ್ಗೆ ಅಡುಗೆಮನೆಯಲ್ಲಿ ಆಕೆಗೆ ಎಲ್ಲವನ್ನೂ ಹೇಳಿದಳು. ಒಬ್ಬಳ ಕಿವಿಗೆ ಬಿದ್ದ ಮಾತು ಕಟಕಟೆಯಲ್ಲಿ ನಿಲ್ಲುವುದಿಲ್ಲ, ಸಾಕ್ಷಿಗೆ ಬನ್ನಿ ಎಂದು ಕೇಳಿದಳು. ದೊಡ್ಡಮ್ಮ ಒಂದೇ ತಟ್ಟೆಯನ್ನು ತುಂಬ ಹೊತ್ತು ಒರೆಸಿದಳು. ಮೇಷ್ಟ್ರನ್ನು ಈ ಬಾಗಿಲಿಂದ ಕಳಿಸಿಕೊಟ್ಟಿದ್ದೇ ಕೊನೆ, ಆಮೇಲೆ ಕಂಡಿಲ್ಲ ಅಂದಳು. ಕಣ್ಣೊರೆಸಿಕೊಂಡು, ತಲೆಗೆ ವಸ್ತ್ರ ಕಟ್ಟಿ, ಬಾಗಿಲಿಗೆ ಬೀಗ ಹಾಕಿ ಜೊತೆಗೆ ಬಂದಳು.

ಹಾಗೆ ಮೂವರಾಗಿದ್ದರು, ಕವಲಿನಲ್ಲಿ.

ಮೇಕೆ ಬಲದಾರಿಯನ್ನೂ ನೋಡಲಿಲ್ಲ, ಎಡದಾರಿಯನ್ನೂ ನೋಡಲಿಲ್ಲ. ನಕ್ಷೆಯಕ್ಕ ಕೆಂಪು ದಾರದ ಚೀಲವನ್ನು ಜೇಬಿನಿಂದ ತೆಗೆದು, ಅದು ಯಾವ ದಿನದ್ದೆಂದು, ಎಲ್ಲಿ ಸಿಕ್ಕಿತೆಂದು ಬಿಡಿಸಿ ಹೇಳಿದಳು. ಅವನ ಕಿವಿಯ ತುದಿ ಬೆಳ್ಳಗಾಯಿತು. ಆಮೇಲೆ ಬಲಕ್ಕೆ ತಿರುಗಿ ನಡೆದ. ಅವಳು ಹೆಜ್ಜೆ ಎಣಿಸುತ್ತ ಹಿಂದೆ ಹೋದಳು.

ಆರುನೂರ ನಲವತ್ತನೇ ಹೆಜ್ಜೆಗೆ ದಾರಿ ಸತ್ತುಹೋಯಿತು. ಬಂಡೆಯ ಹೊಟ್ಟೆಯ ಮೇಲೆ ಒಂದು ಪಾದದಷ್ಟು ಅಗಲದ ಅಂಚು, ಅದರಾಚೆ ಬರೀ ಗಾಳಿ. ಹೊಳೆ ಎಲ್ಲೋ ಆಳದಲ್ಲಿ ಬಿಳಿ ದಾರದ ಹಾಗೆ.

ಮೇಕೆ ಕುಕ್ಕರಗಾಲಲ್ಲಿ ಕೂತು, ನೆಲ ನೋಡಿಕೊಂಡು ಹೇಳತೊಡಗಿದ. ಬಲಕ್ಕಿರುವ ಈ ಕೆಳದಾರಿ ಕುಸಿದಿದೆ ಎಂದು ಅದನ್ನು ಮುಚ್ಚಿ ಎಷ್ಟೋ ಕಾಲವಾಗಿದೆ. ಆದರೆ ಇದರಲ್ಲಿ ಬಂದರೆ ಅರ್ಧ ದಿನ ಉಳಿಯುತ್ತದೆ; ಇರುವ ಒಂದು ತಿಂಗಳಲ್ಲಿ ಇನ್ನೊಂದು ಸುತ್ತು ಸಿಗುತ್ತದೆ. ಗೈಡ್‌ಗಳೆಲ್ಲ ಇದರಲ್ಲೇ ಕರೆತರುತ್ತಾರೆ, ಯಾರೂ ಬಾಯಿಬಿಡುವುದಿಲ್ಲ. ಇಕ್ಕಟ್ಟು ಬಂದಲ್ಲಿ ಮೊದಲು ಗೈಡ್ ಚೀಲ ದಾಟಿಸಬೇಕು, ಆಮೇಲೆ ಮನುಷ್ಯ ದಾಟಬೇಕು, ಇದು ಅವರ ಪದ್ಧತಿ. ಅವನು ಚೀಲ ದಾಟಿಸಿದ. ತಿರುಗಿ ನೋಡಿದಾಗ ಅಂಚಿನ ಮೇಲೆ ಮನುಷ್ಯ ಇರಲಿಲ್ಲ.

"ಹೊಳೆಗೆ ಬಿದ್ನಾ?"

"ಇಲ್ಲ. ಕೆಳಗೊಂದು ಚಾಚುಗಲ್ಲಿದೆ. ಅದರ ಮೇಲೆ."

"ಸತ್ತಿದ್ನಾ?"

"ಇಲ್ಲ."

ನಕ್ಷೆಯಕ್ಕ ಗೋಡೆಗೆ ಕೈ ಊರಿಕೊಂಡಳು. ಇಷ್ಟು ತಿಂಗಳು ಅವಳೂ ದರ್ಜಿಯೂ ಕೂಡಿಸಿದ ಲೆಕ್ಕದಲ್ಲಿ ಈ ಒಂದು ಉತ್ತರ ಇರಲಿಲ್ಲ.

"ಹಾಗಾದ್ರೆ ಹಸಿರು ಚೀಲ, ಕಪ್ಪು ಚೀಲ…"

"ನಾನು ಉಣ್ಣಲಿಲ್ಲ ಮೇಡಂ." ಅವನು ಮೊದಲ ಸಲ ತಲೆ ಎತ್ತಿದ. "ಸಣ್ಣ ದಾರ ಕಟ್ಟಿ ಇಳಿಸಿದೆ. ನೀರೂ ಇಳಿಸಿದೆ. ಎರಡು ದಿನ ಮಾತಾಡಿದಾರೆ ನನ್ನ ಜೊತೆ. ಅಣ್ಣ ಬೈತಾನೆ, ಎರಡನೇ ದಿನದ್ದು ಬಿಟ್ಟು ಮೂರನೇದು ಕೊಟ್ಟಿದ್ದೀಯಲ್ಲೋ ಅಂತ ನಕ್ಕರು. ನನಗೆ ಅರ್ಥ ಆಗ್ಲಿಲ್ಲ. ಕೆಂಪು ಚೀಲ ನಾನು ನೋಡೇ ಇಲ್ಲ."

"ಮೇಲೆ ಯಾಕೆ ಎಳ್ಕೊಳ್ಳಲಿಲ್ಲ?"

"ಒಬ್ಬನ ಕೈಲಿ ಆಗಲ್ಲ. ಬಂಡೆ ಹೊರಕ್ಕೆ ಉಬ್ಬಿದೆ, ಹಗ್ಗ ಅದಕ್ಕೆ ಕಚ್ಚಿಕೊಳ್ಳತ್ತೆ. ಇಬ್ಬರಿದ್ದಿದ್ರೆ ಆಗ್ತಿತ್ತು. ನಾನೊಬ್ಬನೇ ಇದ್ದೆ."

"ತಂಗುಮನೆ ಅರ್ಧ ಗಂಟೆ ದೂರ. ದೊಡ್ಡಮ್ಮನ್ನ ಕರೆಯೋಕೆ ಏನಾಗಿತ್ತು ನಿನಗೆ?"

ಅವನು ಅವಳನ್ನು ನೋಡಲಿಲ್ಲ, ದೊಡ್ಡಮ್ಮನನ್ನು ನೋಡಿದ. ದೊಡ್ಡಮ್ಮ ತಲೆವಸ್ತ್ರದ ಅಂಚಿನಿಂದ ಮೂಗೊರೆಸಿಕೊಂಡಳು.

"ಕರೆದಿದ್ರೆ ನಾನು ಬರ್ತಿರ್ಲಿಲ್ವೇನೋ," ಅಂದಳು ಮೆಲ್ಲಗೆ.

"ದಾರಿ ಗೊತ್ತಾದ್ರೆ ಇಡೀ ಕಮರೀನೇ ಮುಚ್ತಾರೆ ಅಂತ ಹೆದರಿದೆ," ಅಂದ ಮೇಕೆ. "ಮೂರನೇ ದಿನ ಅವರು ಮಾತಾಡಲಿಲ್ಲ. ನಾನೊಬ್ಬನೇ ಇದ್ದೆ ಮೇಡಂ."

ಬೇಕಾದ ಒಪ್ಪಿಗೆ ಬಾಯಿಂದ ಬಂದಿತ್ತು, ಕೇಳಲು ಸಾಕ್ಷಿಯೂ ಇತ್ತು. ಇನ್ನೊಬ್ಬ ಪತ್ತೇದಾರನಾಗಿದ್ದರೆ ಅಲ್ಲಿಂದಲೇ ತಿರುಗಿ ನಡೆಯುತ್ತಿದ್ದ. ಆದರೆ ಅವಳು ಮಾತು ಕೊಟ್ಟದ್ದು ಚುಕ್ಕೆಗೆ. ಬೇರೆಯವರ ಬಾಯಿಮಾತು ಕೇಳಿ ಅವಳು ಈವರೆಗೂ ಹಾಳೆಯ ಮೇಲೆ ಒಂದು ಬಾವಿಯನ್ನೂ ಗುರುತಿಸಿದವಳಲ್ಲ.

ಸರ್ವೆಯ ಮೊದಲ ಏಳು ವರ್ಷ ಬೆಟ್ಟಗುಡ್ಡ ಅಳೆದ ಕೈ ಅವಳದು. ಮೇಕೆಯ ಹಗ್ಗವನ್ನು ಒಂದು ನಿಲುಗಲ್ಲಿಗೆ ಮೂರು ಸುತ್ತು ಸುತ್ತಿ, ತಾನೇ ಗಂಟು ಹಾಕಿ, ಎಳೆದು ನೋಡಿದಳು. ಮೇಕೆಯನ್ನು ಹತ್ತು ಹೆಜ್ಜೆ ದೂರ ಕೂರಿಸಿದಳು. ಗಂಟಿನ ಪಕ್ಕದಲ್ಲಿ ದೊಡ್ಡಮ್ಮನನ್ನು ಕೂರಿಸಿ, ಇವನು ಹತ್ತಿರ ಬಂದರೆ ಕೂಗಿ ಎಂದಳು. ಇಳಿಯುವುದು ತನ್ನ ಕೈಯಲ್ಲಿದೆ, ಹತ್ತುವಾಗ ಮಾತ್ರ ಇಬ್ಬರೂ ಸೇರಿ ಎಳೆಯಬೇಕು ಎಂದೂ ಹೇಳಿದಳು. ದೊಡ್ಡಮ್ಮ ಅವಳ ಕೆನ್ನೆ ಸವರಿ, ಹುಷಾರು ಮಗಳೇ ಅಂದಳು.

ಒಂಬತ್ತು ಮಾರು ಇಳಿದ ಮೇಲೆ ಕಾಲಿಗೆ ಕಲ್ಲು ಸಿಕ್ಕಿತು.

ಚಾಚುಗಲ್ಲು ಒಂದು ಸಣ್ಣ ಕೋಣೆಯಷ್ಟಿತ್ತು. ಮೇಲಿನ ಬಂಡೆ ಸೂರಿನ ಹಾಗೆ ಮುಂದಕ್ಕೆ ಬಾಗಿದ್ದರಿಂದ ಒಳಗೆ ಮಳೆ ಬಿದ್ದ ಗುರುತೇ ಇರಲಿಲ್ಲ. ಮೂಲೆಯಲ್ಲಿ ಚೌಕಳಿ ಅಂಗಿಯೊಂದು ಗೋಡೆಗೆ ಒರಗಿ ಕೂತಿತ್ತು. ಅಂಗಿಯೊಳಗೆ ಇರಬೇಕಾದವನು ಎಲುಬಾಗಿದ್ದ.

ಹಗ್ಗ ಅಲ್ಲಿಯವರೆಗೆ ಎಟುಕಲಿಲ್ಲ. ಅವಳು ಸೊಂಟದ ಗಂಟು ಬಿಚ್ಚಿ, ತುದಿಯನ್ನು ಅಂಚಿನ ಮೇಲೆ ಬಿಟ್ಟು, ನಾಲ್ಕು ಹೆಜ್ಜೆ ಒಳಗೆ ಹೋದಳು.

ಹಸಿರು ಚೀಲ, ಕಪ್ಪು ಚೀಲ ಎರಡೂ ಮಡಿಸಿ ಪಕ್ಕದಲ್ಲಿ ಇಟ್ಟಿದ್ದವು, ಖಾಲಿ. ಮೇಕೆ ಹೇಳಿದ್ದು ನಿಜ. ಎಡಗಾಲಿನ ಎಲುಬು ಎರಡು ಕಡೆ ಮುರಿದಿತ್ತು. ಆಮೇಲೆ ಅವಳ ಕಣ್ಣು ಅಂಗಿಯ ಸೊಂಟದ ಮೇಲೆ ನಿಂತಿತು.

ಅಲ್ಲೊಂದು ಹಗ್ಗವಿತ್ತು. ಊಟ ಇಳಿಸುವ ಸಣ್ಣ ದಾರವಲ್ಲ. ಮನುಷ್ಯನನ್ನು ಎಳೆಯುವ ದಪ್ಪ ಹಗ್ಗ, ಎರಡು ಸುತ್ತು ಸುತ್ತಿ ಬಿಗಿಯಾಗಿ ಕಟ್ಟಿದ್ದು. ಗಂಟಿನಿಂದಾಚೆ ಒಂದು ಮಾರು ಉದ್ದ ನೆಲದ ಮೇಲೆ ಬಿದ್ದಿತ್ತು. ತುದಿ ಹಿಂಜಿರಲಿಲ್ಲ, ಸವೆದಿರಲಿಲ್ಲ. ಹರಿತವಾದ ಅಲಗು ಒಂದೇ ಏಟಿಗೆ ಕಡಿದ ತುದಿ ಅದು.

ಅವನನ್ನು ಎಳೆದಿದ್ದರು. ಅಂಚಿನ ತನಕ ಎಳೆದಿದ್ದರು. ಒಬ್ಬನ ಕೈಲಿ ಆಗದ ಕೆಲಸ ಆಗಿತ್ತು.

ಗೋಡೆಯ ಮೇಲೆ ಏನೋ ಕಪ್ಪಗೆ ಕಂಡಿದ್ದನ್ನು ಮೊದಲು ಪಾಚಿಯ ಕಲೆ ಅಂದುಕೊಂಡಿದ್ದಳು. ಈಗ ನೋಡಿದರೆ ಚಿತ್ರ ಬರೆಯುವ ಇದ್ದಿಲ ಕಡ್ಡಿಯ ಗೆರೆಗಳು. ಮುರಿದ ಕಾಲಲ್ಲಿ ಮತ್ತೆ ಇಲ್ಲಿಗೇ ಬಿದ್ದವನು ಎಷ್ಟು ಹೊತ್ತು ಉಳಿದಿದ್ದನೋ, ಉಳಿದಷ್ಟೂ ಹೊತ್ತು ತನಗೆ ಗೊತ್ತಿದ್ದ ಕೆಲಸ ಮಾಡಿದ್ದ. ಕೆಳಗಿನಿಂದ ನೋಡಿದ ಹಾಗೆ ಬರೆದ ಬಂಡೆಯ ಅಂಚು. ಅದರ ಮೇಲಿಂದ ಬಗ್ಗಿ ನೋಡುವ ಎರಡು ತಲೆ.

ಒಂದು ಮೇಕೆಯದು. ಬಾಯಿ ತೆರೆದಿದ್ದ, ಮುಖ ಪಕ್ಕಕ್ಕೆ ತಿರುಗಿಸಿದ್ದ, ಒಂದು ಕೈ ಹಗ್ಗದ ಮೇಲೆ, ಇನ್ನೊಂದು ಕೈ ಯಾರನ್ನೋ ತಡೆಯಲು ಚಾಚಿದ್ದು.

ಇನ್ನೊಂದು ಹೆಂಗಸಿನದು. ಅಗಲ ಹಣೆ, ದಣಿದ ರೆಪ್ಪೆ, ಊಟಕ್ಕೆ ಬನ್ನಿ ಎಂದು ಕರೆಯುವಾಗ ಇರುವಂಥ ಮೆತ್ತಗಿನ ಬಾಯಿ. ಅವಳ ಕೈಯಲ್ಲಿ ಕುಡುಗೋಲು. ಮೇಷ್ಟ್ರ ಕೈ ಎಷ್ಟು ಚೆನ್ನಾಗಿತ್ತೆಂದರೆ, ಆ ಮುಖ ಯಾರದೆಂದು ಅನುಮಾನ ಪಡಲು ಒಂದು ಗೆರೆಯೂ ಜಾಗ ಬಿಟ್ಟಿರಲಿಲ್ಲ.

ಅವನನ್ನು ಅಂಚಿನ ತನಕ ಎಳೆದು, ಆಮೇಲೆ ಯಾಕೆ ಕಡಿದಳು? ಆ ಕೊನೆಯ ಒಂದು ಮಾರಿನಲ್ಲಿ ಮೇಷ್ಟ್ರು ಏನು ನೋಡಿದ, ಏನು ಅಂದ?

"ಸಿಕ್ಕಿದ್ನೇನಮ್ಮಾ?"

ದೊಡ್ಡಮ್ಮನ ದನಿ ಮೇಲಿನಿಂದ ಬಂತು. ಎದುರು ಗೋಡೆ ಅದನ್ನೇ ಇನ್ನೊಮ್ಮೆ ಕೇಳಿತು.

ನಕ್ಷೆಯಕ್ಕ ಅಂಚಿಗೆ ಬಂದು ತಲೆ ಎತ್ತಿದಳು. ಉಬ್ಬಿದ ಬಂಡೆಯ ಮೇಲೆ, ಆಕಾಶದ ಪಟ್ಟಿಗೆ ಎದುರಾಗಿ, ಎರಡು ತಲೆ. ಸಾಧ್ಯವಾದಷ್ಟು ಸಾದಾ ದನಿಯಲ್ಲಿ ಅವಳು ಹೇಳಿದಳು.

"ಇಲ್ಲಿ ಏನೂ ಇಲ್ಲ ದೊಡ್ಡಮ್ಮ. ಬರ್ತೀನಿ, ಎಳೀರಿ."

ದೊಡ್ಡಮ್ಮನ ತಲೆ ಇನ್ನಷ್ಟು ಮುಂದಕ್ಕೆ ಬಗ್ಗಿತು.

"ಏನೂ ಇಲ್ದೇ ಇದ್ರೆ ಇಷ್ಟೊತ್ತು ಏನು ನೋಡ್ತಿದ್ದೆ, ಮಗಳೇ?"

ಹಗ್ಗದ ತುದಿ ಅವಳ ಬೆರಳಿಗೆ ಒಂದು ಗೇಣು ದೂರದಲ್ಲಿತ್ತು. ಹಾರಿದಳು. ಅಷ್ಟರಲ್ಲಿ ಅದು ಎರಡು ಗೇಣಾಗಿತ್ತು. ಆಮೇಲೆ ಅವಸರವಿಲ್ಲದೆ, ಬಾವಿಯಿಂದ ಕೊಡ ಸೇದುವ ಹಾಗೆ ಒಂದೇ ಸಮನೆ, ಹಗ್ಗ ಬಂಡೆಯ ಉಬ್ಬು ದಾಟಿ ಮೇಲೆ ಹೋಯಿತು. ಮೇಕೆ ಏನೋ ಹೇಳುತ್ತಿದ್ದ. ಗೋಗರೆಯುವ ದನಿ. ನಡುವೆ ಒಂದು ಕಡೆ ಅದು ಕತ್ತರಿಸಿದ ಹಾಗೆ ನಿಂತಿತು. ಸಣ್ಣ ಕಲ್ಲುಗಳು ಉದುರಿ ಅವಳ ಕಣ್ಣೆದುರಿಂದ ಆಳಕ್ಕೆ ಹೋದವು.

ನಂತರ ಹೆಜ್ಜೆಗಳು ದೂರವಾದವು. ಒಬ್ಬರ ಹೆಜ್ಜೆಗಳು ಮಾತ್ರ.

ಅವಳು ಮೇಕೆಯನ್ನು ಕೂಗಿದಳು. ಕಮರಿ ಕೂಗಿತು. ಬೇರೆ ಯಾರೂ ಕೂಗಲಿಲ್ಲ.

ಗೋಡೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಕೈಯಾಡಿಸಿ ನೋಡಿದಳು. ಹಿಡಿ ಸಿಗುವ ಸಂದು ಒಂದೂ ಇರಲಿಲ್ಲ. ತನಗಿಂತ ಮೊದಲು ಇನ್ನೊಬ್ಬ ಇದೇ ಗೋಡೆಯನ್ನು ಹೀಗೇ ತಡವಿರಬೇಕು. ಕೂತವನ ಅಂಗೈ ತಲುಪುವ ಎತ್ತರದಲ್ಲಿ ಕಲ್ಲಿಗೆ ಇದ್ದಿಲ ಬೆರಳುಗಳ ಗುರುತು ಅಂಟಿತ್ತು.

ಹೊಳೆ ಇನ್ನು ಎರಡು ವಾರಕ್ಕೆ ಏರುತ್ತದೆ. ಆಮೇಲೆ ಹನ್ನೊಂದು ತಿಂಗಳು ಈ ದಾರಿಗೆ ಯಾರೂ ಬರುವುದಿಲ್ಲ. ಅವಳು ಇಲ್ಲಿಗೆ ಬಂದಿರುವುದು ಗೊತ್ತಿರುವವನು ಒಬ್ಬನೇ. ಅವನಿಗೆ ಮೂರು ಮೆಟ್ಟಿಲೂ ಹತ್ತಲಾಗುವುದಿಲ್ಲ.

ಚೌಕಳಿ ಅಂಗಿಯ ಪಕ್ಕದಲ್ಲಿ ಕೂತಳು. ಮೇಷ್ಟ್ರ ಹಾಳೆಯನ್ನು ತೊಡೆಯ ಮೇಲೆ ಬಿಡಿಸಿದಳು. ಕವಲಿನಿಂದ ಬಲಕ್ಕೆ ಆರುನೂರ ನಲವತ್ತು ಹೆಜ್ಜೆ, ಅಲ್ಲಿಂದ ನೇರ ಕೆಳಕ್ಕೆ ಒಂಬತ್ತು ಮಾರು. ಒಂದೇ ಸಲ ಅಳೆದ ಗುರುತು ಗುರುತಲ್ಲ ಎಂದು ಕಚೇರಿಯಲ್ಲಿ ಹೊಸಬರಿಗೆ ಅವಳೇ ಹೇಳಿಕೊಡುತ್ತಿದ್ದಳು. ದೂರವನ್ನು ಎರಡು ಸಲ ಅಳೆದಳು. ಎರಡು ಸಲವೂ ಒಂದೇ ಜಾಗ ಬಂತು.

ಅಲ್ಲಿ ಪೆನ್ಸಿಲ್ ಊರಿ, ಚುಕ್ಕೆ ಇಟ್ಟಳು.